ಬಣ್ಣ ಹಚ್ಚದ ಕಂಬಗಳು

ಇಳಕಲ್ಲಿನ ನೇಕಾರ ಹೆಣ್ಣುಮಕ್ಕಳ ಸಂಘದ ಮಾರಾಟ ಮಳಿಗೆಗೆ ನಾನು ನಕ್ಷೆ ಬರೆದದ್ದು ಸೀರೆಯ ಮೇಲಿನ ಪ್ರೀತಿಯಿಂದಲ್ಲ. ಒಬ್ಬ ಮನುಷ್ಯನ ಬಾಯಿ ಮುಚ್ಚಿಸಬೇಕಿತ್ತು, ಅದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗಲೂ ಯಾರಾದರೂ ಬಂದು, ‘ಮೇಡಂ, ನಿಮ್ಮ ಕಟ್ಟಡದಲ್ಲಿ ನಿಂತರೆ ಮನಸ್ಸು ತಣ್ಣಗಾಗುತ್ತದೆ’ ಎಂದಾಗ ನನಗೆ ನಗು ತಡೆಯಲಾಗುವುದಿಲ್ಲ. ಅದನ್ನು ಕಟ್ಟಿದಷ್ಟು ದಿನವೂ ನನ್ನ ಹೊಟ್ಟೆಯೊಳಗೆ ಬೆಂಕಿ ಉರಿಯುತ್ತಿತ್ತು.

ಆ ಮನುಷ್ಯ ಬಾಗಲಕೋಟೆಯ ನವನಗರದಲ್ಲಿ ಕಚೇರಿ ಇಟ್ಟಿರುವ ಹಿರಿಯ ವಾಸ್ತುಶಿಲ್ಪಿ. ಸುತ್ತಲಿನವರೆಲ್ಲ ಅವರನ್ನು ಸಾಹೇಬರು ಎಂದೇ ಕರೆಯುತ್ತಾರೆ. ನಾನು ಅವರ ಕೈಕೆಳಗಿದ್ದಾಗ, ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ದಾರಿಯಲ್ಲಿ ಒಂದು ಯಾತ್ರಿಕರ ವಸತಿಗೃಹ ಕಟ್ಟುವ ಕೆಲಸ ಬಂತು. ಗೋಡೆಗೆ ಅಲ್ಲಿಯದೇ ಕೆಂಪು ಕಲ್ಲು. ಮೆಟ್ಟಿಲು, ಕಟಕಟೆ, ಮೇಲಿನ ಸೂರು ಎಲ್ಲವೂ ಗ್ಯಾಲ್ವನೈಸ್ ಮಾಡಿದ ಉಕ್ಕು, ಅಂದರೆ ಕಾದು ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು. ಅದಕ್ಕೆ ಬಣ್ಣ ಹಚ್ಚದೆ ಹಾಗೆಯೇ ಬಿಡಬೇಕೆಂದು ಹಟ ಹಿಡಿದವಳು ನಾನು. ಗೆರೆ ಎಳೆದವಳು ನಾನು, ಬಿಸಿಲಲ್ಲಿ ನಿಂತು ಮಾಡಿಸಿದವಳು ನಾನು. ಉದ್ಘಾಟನೆಯ ದಿನ ಸಾಹೇಬರು ಮೈಕು ಹಿಡಿದು, ಈ ಕಲ್ಪನೆ ತಮಗೆ ಗುಹೆಗಳ ಮುಂದೆ ಕುಳಿತಾಗ ಹೊಳೆಯಿತು ಎಂದರು. ಆಮೇಲೆ ನನ್ನತ್ತ ಕೈ ತೋರಿಸಿ, “ಇಕಿ ನಮ್ಮ ಆಫೀಸಿನ ಹುಡುಗಿ. ಟ್ರೇಸಿಂಗ್ ಭಾಳ ಛಂದ ಮಾಡ್ತಾಳ,” ಎಂದರು. ಜನ ಚಪ್ಪಾಳೆ ತಟ್ಟಿದರು. ಆ ವಾರವೇ ಕೆಲಸ ಬಿಟ್ಟೆ.

ಹೀಗಿರುವಾಗ ಇಳಕಲ್ಲಿನಿಂದ ಕರೆ ಬಂತು. ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ ಸಂಘಕ್ಕೆ ಜಾಗ ಸಿಕ್ಕಿತ್ತು. ಸಂಘದ ಅಧ್ಯಕ್ಷರು ಐವತ್ತು ದಾಟಿದ ಹೆಣ್ಣುಮಗಳು; ಮಗ್ಗದ ಮುಂದೆ ಕುಳಿತೇ ಬೆಳೆದವರು. ಊರಿಗೆಲ್ಲ ಅವರು ಅಕ್ಕಾರು. ನಕ್ಷೆ ತೋರಿಸಲು ಹೋದ ದಿನ ನೋಡುತ್ತೇನೆ, ಮುಂದಿನ ಸಾಲಿನಲ್ಲೇ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಾರೆ! ಸಂಘದ ಸದಸ್ಯರೊಬ್ಬರಿಗೆ ಅವರು ಬೀಗರಂತೆ. ಸಲಹೆ ಕೊಡಲು ಬಂದಿದ್ದರಂತೆ.

ನಾನು ಗ್ಯಾಲ್ವನೈಸ್ ಮಾಡಿದ ಒಂದು ತಗಡನ್ನು ಮೇಜಿನ ಮೇಲಿಟ್ಟು ಮಾತು ಶುರು ಮಾಡುವಷ್ಟರಲ್ಲಿ ಸಾಹೇಬರು ಬಾಯಿ ಹಾಕಿದರು.

“ಏನವಾ, ದನದ ಕೊಟಗಿ ಮ್ಯಾಲೆ ಹಾಕೂ ತಗಡ ತಂದು ಹೆಣ್ಮಕ್ಕಳ ಅಂಗಡಿಗೆ ಹಾಕ್ತಿ? ಇದು ಸೀರಿ ಮಾರೂ ಜಾಗಾನೋ, ಬಕೀಟ ಮಾರೂ ಜಾಗಾನೋ?”

ಎಲ್ಲರೂ ನಕ್ಕರು. ಬಾದಾಮಿಯಲ್ಲಿ ಇದೇ ತಗಡಿನ ಹೆಸರಿನಲ್ಲಿ ಹಾರ ಹಾಕಿಸಿಕೊಂಡ ಮನುಷ್ಯ! ನನ್ನ ಕಿವಿ ಬಿಸಿಯಾಯಿತು. ಆದರೂ ನಾನು ಅವರತ್ತ ನೋಡದೆ ಅಕ್ಕಾರಿಗೆ ಹೇಳಿದೆ: “ಅಕ್ಕಾರ, ಒಂದು ಸೀರಿ ಕೊಡ್ರಿ. ನಿಮಗ ಭಾಳ ಸೇರಿದ್ದು.”

ಅಕ್ಕಾರು ಕಪಾಟಿನಿಂದ ದಾಳಿಂಬೆ ಬಣ್ಣದ ಒಂದು ಸೀರೆ ತಂದರು. ಅಂಚಿಗೆ ಗೋಮಿ ನಮೂನೆಯ ದಡಿ, ಕೆಂಪು-ಬಿಳಿ ತೆನೆಗಳನ್ನು ನೇಯ್ದ ಸೆರಗು. ಅದನ್ನು ಮೊದಲು ಕೋಣೆಯ ಹಳದಿ ಗೋಡೆಗೆ ಹಿಡಿದು ತೋರಿಸಿದೆ. ಆಮೇಲೆ ಸಾಹೇಬರೇ ತಂದಿದ್ದ, ಮುಖ ಕಾಣುವಷ್ಟು ಪಾಲಿಶ್ ಮಾಡಿದ ಗ್ರಾನೈಟ್ ತುಂಡಿನ ಮೇಲೆ ಹರವಿದೆ. ಕೊನೆಗೆ ತಗಡಿನ ಮೇಲೆ. ಸತು ಆರುವಾಗ ಅದರ ಮೇಲೆ ತಾನಾಗಿಯೇ ಹೂವಿನಂಥ ಗುರುತು ಬೀಳುತ್ತದೆ. ಒಂದು ಹೂವಿನ ಹಾಗೆ ಇನ್ನೊಂದಿಲ್ಲ. ಒಂದು ಬೆಳಕು ಹಿಡಿದರೆ ಪಕ್ಕದ್ದು ಬಿಡುತ್ತದೆ. ಇಷ್ಟಾದರೂ ಅದು ಬೂದು ಬಣ್ಣವೇ. ತನ್ನದೊಂದು ಬಣ್ಣ ಮುಂದೆ ಮಾಡಿ ಸೀರೆಯ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಲೂ ಇಲ್ಲ.

“ಅಯ್ಯ ಶಿವನ!” ಅಕ್ಕಾರು ಎದ್ದು ಬಂದರು. “ಈ ಕೆಂಪ ಇಷ್ಟು ಕೆಂಪ ಐತಿ ಅಂತ ನೇಯ್ದಾಕಿ ನನಗ ಗೊತ್ತಿರಲಿಲ್ಲ ನೋಡ.”

ಮೇಲಿನ ಕೆಲಸ ನನಗೆ ಸಿಕ್ಕಿತು. ಆದರೆ ಬೀಗರ ಮುಖ ಉಳಿಯಬೇಕಲ್ಲ, ನೆಲದ ಗ್ರಾನೈಟ್ ಕೆಲಸ ಸಾಹೇಬರ ಪಾಲಾಯಿತು. ಕಂಬ, ತೊಲೆ, ಸೂರು ನನ್ನದು. ಕಾಲ ಕೆಳಗಿನದು ಅವರದು. ಒಪ್ಪಿಕೊಂಡೆ. ಅವರದೇ ನೆಲದ ಮೇಲೆ ನನ್ನ ಕಂಬ ನಿಲ್ಲುತ್ತದಲ್ಲ, ದಿನಾ ತಲೆ ಎತ್ತಿ ನೋಡಲಿ ಎನ್ನುವ ದುರಾಸೆಯೂ ಇತ್ತು.

ಬಣ್ಣವಿಲ್ಲದ ಉಕ್ಕಿನ ಕೆಲಸದಲ್ಲಿ ತಪ್ಪು ಮುಚ್ಚಲು ಜಾಗವಿಲ್ಲ. ಹುನಗುಂದದ ಫ್ಯಾಬ್ರಿಕೇಟರ್ ಒಬ್ಬರಿಗೆ ಕೆಲಸ ವಹಿಸಿದೆ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರಾಲಿ ಮಾಡಿ ಕೈ ಪಳಗಿದವರು. ಮೊದಲ ದಿನವೇ ಅವರಿಗೆ ಸಂಕಟ ಶುರುವಾಯಿತು.

“ಮೇಡಮ್ಮರ, ಬಣ್ಣ ಹಚ್ಚಂಗಿಲ್ಲ ಅಂದ್ರ ನಮ್ಮ ವೆಲ್ಡಿಂಗ್ ಎಲ್ಲಾ ಮಂದಿ ಕಣ್ಣಿಗೆ ಬೀಳತೈತಲ್ರಿ.”

“ಬೀಳಲಿ.”

“ಪುಟ್ಟಿ ಇಲ್ಲ, ಪೇಂಟ್ ಇಲ್ಲ.” ಅವರು ತಲೆ ಕೆರೆದುಕೊಂಡರು. “ಹಂಗಾದ್ರ ಖರೇನ ಛಲೋ ಮಾಡಬೇಕಾತು.”

ಖರೇನೇ ಚೆನ್ನಾಗಿ ಮಾಡಿದರು. ವೆಲ್ಡಿಂಗ್, ತೂತು ಕೊರೆಯುವುದು, ಅಂಚು ಉಜ್ಜುವುದು ಎಲ್ಲವೂ ಸತುವಿನಲ್ಲಿ ಅದ್ದುವ ಮೊದಲೇ ಮುಗಿಯಬೇಕು. ಅದ್ದಿದ ಮೇಲೆ ವೆಲ್ಡಿಂಗ್ ಬೆಂಕಿ ತಾಗಿಸಿದರೆ ಆ ಜಾಗದ ಸತು ಸುಟ್ಟುಹೋಗಿ, ಮುಂದೆ ಅಲ್ಲಿಂದಲೇ ತುಕ್ಕು ಏಳುತ್ತದೆ. ಅದಕ್ಕೆ ಸೈಟಿನಲ್ಲಿ ಬೋಲ್ಟು-ನಟ್ಟು ಬಿಟ್ಟರೆ ಬೇರೇನೂ ಇಲ್ಲ. ಪೊಳ್ಳು ಕಂಬಗಳಿಗೆ ಮೇಲೊಂದು ಕೆಳಗೊಂದು ತೂತು ಬಿಡಿಸಿದ್ದೆ. ಕಾದ ಸತು ಒಳಗೆ ಹೋಗಬೇಕು, ಒಳಗಿನ ಗಾಳಿ ಹೊರಗೆ ಬರಬೇಕು. ಇಲ್ಲದಿದ್ದರೆ ಸತುವಿನ ಕೊಳದಲ್ಲೇ ಕಂಬ ಸಿಡಿಯಬಹುದು. ಲಾರಿಯ ಹಿಂದೆಯೇ ನಾನೂ ಹುಬ್ಬಳ್ಳಿ ಕಡೆಯ ಕಾರ್ಖಾನೆಗೆ ಹೋದೆ. ಕಂಬಗಳನ್ನು ಓರೆಯಾಗಿ ಕೊಳಕ್ಕೆ ಇಳಿಸಿ ಮೇಲೆತ್ತಿದಾಗ ಮೈಮೇಲಿಂದ ಸತು ಹಾಲಿನ ಹಾಗೆ ಇಳಿಯುತ್ತಿತ್ತು. ಅದನ್ನು ನೋಡುತ್ತಾ ನಿಂತವಳಿಗೆ ಒಂದು ಗಳಿಗೆ ಸಾಹೇಬರೂ ಮರೆತುಹೋಗಿದ್ದರು. ಒಂದೇ ಗಳಿಗೆ.

ಮೊದಲ ಖೇಪಿನಲ್ಲೇ ಪೆಟ್ಟು ಬಿತ್ತು. ಅರ್ಧ ಕಂಬಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು, ಅರ್ಧ ಸೀಮೆಸುಣ್ಣ ಸವರಿದ ಹಾಗೆ ಮಂಕು. ಫ್ಯಾಬ್ರಿಕೇಟರ್ ಎರಡು ಕಡೆಯಿಂದ ಉಕ್ಕು ತಂದಿದ್ದರು. ಉಕ್ಕಿನ ಹದ ಬೇರೆಯಾದರೆ ಸತು ಹಿಡಿಯುವ ರೀತಿಯೂ ಬೇರೆಯಾಗುತ್ತದೆ. ಬಾಳಿಕೆಗೆ ತೊಂದರೆಯಿಲ್ಲ, ಕಣ್ಣಿಗೆ ತೊಂದರೆ. ಸುದ್ದಿ ಸಾಹೇಬರ ಕಿವಿಗೆ ಹೇಗೆ ಮುಟ್ಟಿತೋ, ಮರುದಿನವೇ ಅಕ್ಕಾರಿಗೆ ಫೋನು ಹೋಯಿತು. ಅಕ್ಕಾರು ನನ್ನನ್ನು ಕೇಳಿದರು: “ತಂಗಿ, ಒಂದs ಮನ್ಯಾಗ ಎರಡು ನಮೂನಿ ಕಂಬ ಆಗ್ಯಾವಂತ ಹೌದೇನು?”

“ಹೌದ್ರಿ ಅಕ್ಕಾರ. ಹೊಳಿಯೂ ಕಂಬ ರಸ್ತಾದ ಕಡೆ ಪಡಸಾಲಿಗೆ ನಿಲ್ಲಸ್ತೇನಿ, ಮಬ್ಬು ಇದ್ದದ್ದು ಒಳಗ. ಹೊರಗ ಬಿಸಲು, ಒಳಗ ನೆರಳು. ಎರಡೂ ಬೇಕಂತs ಮಾಡಿದಂಗ ಕಾಣತೈತಿ.”

“ಬೇಕಂತ ಮಾಡಿದ್ದೇನು?”

“ಅಲ್ರಿ.”

ಅಕ್ಕಾರು ಬಾಯಿತುಂಬ ನಕ್ಕರು. ನಿಲ್ಲಿಸಿದ ಮೇಲೆ ನೋಡಿದರೆ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಸಂಜೆಯ ಬಿಸಿಲು ಪಡಸಾಲೆಯ ಕಂಬಗಳ ಮೇಲೆ ಬಿದ್ದಾಗ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಹೇಗೆ ಕಾಣುತ್ತದೆಂದು ನೋಡಲು ಅಕ್ಕಾರು ಬೂದು ಕಂಬಗಳ ನಡುವೆ ತೂಗುಹಾಕಿಸಿದ್ದ ಸೀರೆಗಳ ಬಣ್ಣವೆಲ್ಲ ಒಂದು ಹೆಜ್ಜೆ ಮುಂದೆ ಬಂದು ನಿಂತಂತಿತ್ತು. ನಾನು ಎದುರಿನ ಚಹಾದಂಗಡಿಯಲ್ಲಿ ಕುಳಿತು ಆ ತಲೆಗಳನ್ನೇ ನೋಡುತ್ತಿದ್ದೆ. ಸಾಹೇಬರ ಕಾರು ಇದೇ ದಾರಿಯಲ್ಲಿ ಹೋಗಬೇಕಲ್ಲ ಎಂದುಕೊಂಡಾಗ ಚಹಾ ಇನ್ನಷ್ಟು ರುಚಿಸುತ್ತಿತ್ತು.

ಆಮೇಲೆ ಸಾಹೇಬರ ಕಡೆಯವರು ನೆಲಕ್ಕಿಳಿದರು. ಇಳಕಲ್ಲಿನ ಕೆಂಪು ಗ್ರಾನೈಟ್. ಕಲ್ಲಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಒಂದೇ ಭಯವಿತ್ತು. ಈ ಊರಿನಲ್ಲಿ ಗ್ರಾನೈಟ್ ಹಾಸಿದ ಮೇಲೆ ಸಿಮೆಂಟಿನ ಕಲೆ ಹೋಗಲಿ ಎಂದು ಆಸಿಡ್ ಸುರಿದು, ಕಸಬರಿಗೆಯಿಂದ ತಿಕ್ಕಿ ತೊಳೆಯುವುದು ರೂಢಿ. ಗ್ರಾನೈಟಿಗೆ ಅದು ನಡೆಯುತ್ತದೆ. ಸತುವಿಗೆ ಅದು ವಿಷ. ಅದಕ್ಕೆ ಸಾಹೇಬರಿಗೆ ನಾನೇ ಫೋನು ಮಾಡಿದೆ, ಹಲ್ಲು ಕಚ್ಚಿಕೊಂಡು.

“ಸರ್, ನೆಲಕ್ಕ ಆಸಿಡ್ ಹಾಕಸಬ್ಯಾಡ್ರಿ. ಕಂಬ ಹಾಳಾಗ್ತಾವ.”

“ಆತವಾ,” ಎಂದು ಫೋನು ಇಟ್ಟರು.

ಉದ್ಘಾಟನೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಬಸ್ಸಿಳಿದು ಮಳಿಗೆಯತ್ತ ನಡೆಯುತ್ತಿದ್ದೆ. ಗೇಟಿನ ಹತ್ತಿರ ಬರುವ ಮೊದಲೇ ಮೂಗಿಗೆ ಖಾರದ ವಾಸನೆ ಹೊಡೆಯಿತು. ಓಡಿದೆ. ಪಡಸಾಲೆಯ ನೆಲವೆಲ್ಲ ಒದ್ದೆ, ಮುಂದಿನ ಸಾಲಿನ ಕಂಬಗಳ ಬುಡದಲ್ಲಿ ಬಿಳಿ ನೊರೆ ಬುಸುಬುಸು ಏಳುತ್ತಿತ್ತು. ಮೇಸ್ತ್ರಿ ಮುಖಕ್ಕೆ ಟವೆಲ್ ಸುತ್ತಿಕೊಂಡು ಕಸಬರಿಗೆಯಿಂದ ಅದನ್ನೇ ಕಂಬಕ್ಕೆ ಎರಚುವಂತೆ ತಿಕ್ಕುತ್ತಿದ್ದರು.

“ಯಾರ್ರಿ ಆಸಿಡ್ ಹಾಕ್ರಿ ಅಂದವ್ರು?”

“ಸಾಹೇಬ್ರು ತೊಳೀರಿ ಅಂದ್ರು, ತೊಳ್ಯಾಕತ್ತೇವಿ.”

“ಆಸಿಡ್ಡಿಲೆ ತೊಳೀರಿ ಅಂದ್ರೇನು?”

ಮೇಸ್ತ್ರಿ ನನ್ನನ್ನು ಬೇರೆ ದೇಶದಿಂದ ಬಂದವಳ ಹಾಗೆ ನೋಡಿದರು. “ಕಲ್ಲು ತೊಳಿಯೂದಂದ್ರ ಆಸಿಡ್ಡಿಲೇ ಅಲ್ರಿ?”

ಅವರ ಜೊತೆ ಜಗಳಾಡುತ್ತಾ ನಿಂತರೆ ಸತು ಉಳಿಯುವುದಿಲ್ಲ. ಸಂಘದ ಬಣ್ಣದ ಮನೆ ಮಳಿಗೆಯ ಹಿಂದೆಯೇ ಇತ್ತು. ನೂಲು ತೊಳೆಯಲು ಅಲ್ಲಿ ಸೋಡಾ ಪುಡಿ ಚೀಲಗಟ್ಟಲೆ ಇಟ್ಟಿರುತ್ತಾರೆ. “ಅಕ್ಕಾರ! ಸೋಡಾ ತರ್ಸ್ರಿ, ನೀರು ತರ್ಸ್ರಿ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಹೆಣ್ಣುಮಕ್ಕಳು ಸೀರೆ ಮೇಲಕ್ಕೆ ಕಟ್ಟಿ ಕೊಡ ಹೊತ್ತು ಬಂದರು. ಮೊದಲು ನೀರು ಸುರಿದು ಆಸಿಡ್ ತಿಳಿ ಮಾಡಿದೆವು, ಆಮೇಲೆ ಸೋಡಾ ಕಲಸಿದ ನೀರು, ಮತ್ತೆ ಬರೀ ನೀರು. ನೊರೆ ನಿಲ್ಲುವವರೆಗೂ ಯಾರೂ ಕುಳಿತುಕೊಳ್ಳಲಿಲ್ಲ. ಕಣ್ಣು ಉರಿದು ಎಲ್ಲರ ಮುಖವೂ ಅತ್ತವರ ಮುಖದ ಹಾಗಾಗಿತ್ತು. ನಾನು ಖರೇನೇ ಅಳುತ್ತಿದ್ದೆ.

ಒಣಗಿದ ಮೇಲೆ ನೋಡಿದರೆ ಮುಂದಿನ ಸಾಲಿನ ಕಂಬಗಳೆಲ್ಲ ಮೊಣಕಾಲಿನ ಎತ್ತರದವರೆಗೆ ಕೆಟ್ಟಿದ್ದವು. ಕಪ್ಪು ಗೀರು, ಅದರ ಮೇಲೆ ಬಿಳಿ ಪುಡಿ. ಸತುವಿನ ಹೂ ಒಂದೂ ಉಳಿದಿರಲಿಲ್ಲ. “ರೊಟ್ಟಿಗೆ ಬೂಸು ಬಂದಂಗ ಆತಲ್ಲೇ ತಂಗಿ,” ಎಂದು ಅಕ್ಕಾರು ಕಂಬ ಮುಟ್ಟಿ ಮುಟ್ಟಿ ನೋಡಿದರು.

ಸಾಹೇಬರು ಸಂಜೆಗೆ ಬಂದರು. ಕಾರಿನ ಬಾಗಿಲು ಹಾಕುತ್ತಲೇ ಶುರು: “ನಾ ಅವತ್ತs ಹೇಳಿದ್ನೋ ಇಲ್ಲೋ ಅಕ್ಕಾರ? ತಗಡು ತಗಡs. ಇರಲಿ ಬಿಡ್ರಿ, ಸಿಲ್ವರ್ ಪೇಂಟ್ ಹೊಡಸ್ರಿ, ಏನೂ ಕಾಣಂಗಿಲ್ಲ.”

“ಆಸಿಡ್ ಬ್ಯಾಡ ಅಂತ ನಿಮಗ ಫೋನ್ ಮಾಡಿದ್ನಿ,” ಎಂದೆ.

“ಎಷ್ಟು ಫೋನ್ ಬರ್ತಾವ ನಮಗ. ನೆನಪ ಹಾರಿತ್ತವಾ.”

ನೆನಪು ಹಾರಿತ್ತೋ, ಹಾರಿಸಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ಬೇಕಂತಲೇ ಮಾಡಿದ್ದು ಎಂದು ನಂಬಿಕೊಂಡರೆ ನನಗೆ ಅನುಕೂಲ.

ಮರುದಿನ ಲೇಪದ ದಪ್ಪ ಅಳೆಯುವ ಉಪಕರಣ ತಂದು ಪ್ರತಿ ಕಂಬದ ಸುತ್ತ ಕುಕ್ಕುರುಗಾಲಲ್ಲಿ ಕುಳಿತು ಅಳೆದೆ. ಸತು ತೆಳುವಾಗಿತ್ತು, ಹೋಗಿರಲಿಲ್ಲ. ತುಕ್ಕು ತಡೆಯಲು ಸಾಕಾಗುವಷ್ಟು ಎಲ್ಲ ಕಡೆಯೂ ಉಳಿದಿತ್ತು. ಅಂದರೆ ಕಂಬ ಉಳಿಸಲು ಏನೂ ಹಚ್ಚಬೇಕಾಗಿರಲಿಲ್ಲ. ಹಚ್ಚುವುದಾದರೆ ಬರೀ ಕಣ್ಣಿಗೆ, ಉದ್ಘಾಟನೆಗೆ ಬರುವ ಮಂದಿಗೆ. ಸಂಘದವರೆಲ್ಲ ಪೇಂಟ್ ಹೊಡೆಯಲು ಹೇಳಿದರು. ಫ್ಯಾಬ್ರಿಕೇಟರ್ ಕೂಡ ಬ್ರಷ್ ಹಿಡಿದು ನಿಂತಿದ್ದರು. ನಾನು ಯೋಚಿಸಿದೆ. ಪೇಂಟ್ ಹೊಡೆದರೆ ಸಾಹೇಬರ ಮಾತು ಗೆಲ್ಲುತ್ತದೆ, ಅವರ ತಪ್ಪು ಮುಚ್ಚಿಹೋಗುತ್ತದೆ. ನನ್ನ ಬ್ರಷ್ಷಿನಿಂದ ಅವರ ತಪ್ಪು ನಾನೇ ಮುಚ್ಚಬೇಕೇ? ಬಾದಾಮಿಯಲ್ಲಿ ನನ್ನ ಕೆಲಸದ ಮೇಲೆ ಅವರ ಹೆಸರು ಬಿತ್ತು. ಇಲ್ಲಿ ಅವರ ಕೆಲಸದ ಮೇಲೂ ಅವರ ಹೆಸರೇ ಇರಲಿ.

“ಅಕ್ಕಾರ, ಪೇಂಟ್ ಬ್ಯಾಡ. ಹಿಂಗs ಇರಲಿ. ಯಾರರೆ ಕೇಳಿದ್ರ, ಯಾರು ಮಾಡಿದ್ದು ಅಂತ ಹೇಳ್ರಿ.”

ಅಕ್ಕಾರು ಫ್ಯಾಬ್ರಿಕೇಟರ್ ಕೈಯಿಂದ ಬ್ರಷ್ ಇಸಿದುಕೊಂಡು ಕೆಳಗಿಟ್ಟರು. “ಭಾಳ ಸಿಟ್ಟೈತಿ ನಿನಗ,” ಎಂದರು. ಬೇಡ ಎನ್ನಲಿಲ್ಲ.

ಉದ್ಘಾಟನೆಯ ದಿನ ಬಂದವರೆಲ್ಲ ಮೊದಲು ಮೇಲೆ ನೋಡಿ ಬಾಯಿ ತೆರೆದರು, ಆಮೇಲೆ ಕೆಳಗೆ ನೋಡಿ ಹುಬ್ಬು ಗಂಟಿಕ್ಕಿದರು. “ಇದೇನ್ರಿ, ಬುಡಕ್ಕ ಹಿಂಗ್ಯಾಕ ಆಗೈತಿ?” ಎಂದು ಯಾರು ಕೇಳಿದರೂ ಮಾರಾಟಕ್ಕೆ ನಿಂತ ಹೆಣ್ಣುಮಕ್ಕಳು ಒಂದೇ ಉಸಿರಿಗೆ ಹೇಳಿದರು: “ನೆಲದ ಸಾಹೇಬ್ರು ಆಸಿಡ್ ಹಾಕಿಸ್ಯಾರ್ರಿ. ಮೇಡಮ್ಮರು ಬ್ಯಾಡಂದಿದ್ರೂ ಹಾಕಿಸಿದ್ರು.” ಸೀರೆ ಕೊಳ್ಳಲು ಬಂದವರು, ನೆಂಟರು, ಪಕ್ಕದ ಅಂಗಡಿಯವರು, ಎಲ್ಲರಿಗೂ ಕಥೆ ಮುಟ್ಟಿತು. ಇಳಕಲ್ಲಿನ ಪೇಟೆಯಲ್ಲಿ ಒಂದು ಮಾತು ಬಿಟ್ಟರೆ ಮೈಕು ಯಾಕೆ ಬೇಕು! ಸಾಹೇಬರ ಬೀಗರೇ ಎದ್ದುಬಂದು ಎಲ್ಲರೆದುರು ಅವರನ್ನು ಕೇಳಿದರು: “ಅಲ್ರಿ, ಹೇಳಿದ್ರೂ ಹಾಕಸಿದಿರೇನು?” ಸಾಹೇಬರ ಮುಖ ಅವರದೇ ಗ್ರಾನೈಟಿನ ಬಣ್ಣಕ್ಕೆ ತಿರುಗಿತು. ಊಟಕ್ಕೂ ನಿಲ್ಲದೆ ಕಾರು ಹತ್ತಿದರು. ಆ ದಿನ ನಾನು ಹೋಳಿಗೆ ಕೇಳಿ ಕೇಳಿ ಹಾಕಿಸಿಕೊಂಡೆ. ತುಪ್ಪ ಬೇರೆ.

ಆಮೇಲೆ ನನಗೆ ಶಿರೂರಿನಲ್ಲಿ ಒಂದು ಗೋದಾಮು, ಬಾಗಲಕೋಟೆಯಲ್ಲಿ ಎರಡು ಮನೆ, ಹೀಗೆ ಕೆಲಸಗಳು ಬಂದವು. ಇಳಕಲ್ಲಿಗೆ ಹೋಗುವುದು ತಪ್ಪಿಹೋಯಿತು. ಬೇಸಿಗೆ ಕಳೆದು ಮಳೆಗಾಲ ಬಂತು, ಹೋಯಿತು. ಆಗ ಹುನಗುಂದದ ಒಂದು ವಿದ್ಯಾಸಂಸ್ಥೆಯ ಕಾರ್ಯದರ್ಶಿ ಫೋನು ಮಾಡಿದರು. ಗ್ರಂಥಾಲಯ ಕಟ್ಟಬೇಕು, ಬಣ್ಣವಿಲ್ಲದ ಉಕ್ಕಿನಲ್ಲೇ ಆಗಬೇಕು. ನನ್ನ ನಕ್ಷೆಯೂ ಬೇಕು, ಸಾಹೇಬರ ನಕ್ಷೆ ಆಗಲೇ ಬಂದಿದೆಯಂತೆ.

“ಸಾಹೇಬ್ರು ಗ್ಯಾಲ್ವನೈಸ್ ಮಾಡ್ತಾರಂತೇನ್ರಿ?”

“ಹೌದ್ರಿ. ಇದು ಅವರ ಹಳೇ ಕಲ್ಪನಾ ಅಂತ, ಬಾದಾಮ್ಯಾಗ ಮೊದಲ ಮಾಡಿದವ್ರು ಅವರs ಅಂತ.”

“ಇಳಕಲ್ಲಿಗೆ ಬರ್ರಿ,” ಎಂದೆ. “ಆ ಸಾಹೇಬ್ರ ಕೈಯಾಗ ಈ ಉಕ್ಕು ಕೊಟ್ರ ಏನಾಗತೈತಿ ಅಂತ ಕಣ್ಣಾರೆ ತೋರಸ್ತೇನಿ. ನೋಡಿದ ಮ್ಯಾಲೆ ನೀವs ಹೇಳ್ರಿ.”

ದಾರಿಯುದ್ದಕ್ಕೂ ಆಸಿಡ್ಡಿನ ಕಥೆ ಹೇಳಿದೆ. ಯಾವ ಮಾತಿಗೆ ನಿಲ್ಲಬೇಕು, ಯಾವ ಕಂಬದ ಮುಂದೆ ನಿಲ್ಲಿಸಬೇಕು, ಎಲ್ಲ ಮನಸ್ಸಿನಲ್ಲೇ ಸಿದ್ಧವಾಗಿತ್ತು. ಗೇಟಿನ ಎದುರಿನ ಕಂಬಕ್ಕೆ ಎಲ್ಲಕ್ಕಿಂತ ಹೆಚ್ಚು ಬಿದ್ದಿತ್ತು. ನೇರವಾಗಿ ಅದರ ಹತ್ತಿರ ಕರೆದುಕೊಂಡು ಹೋಗಿ, “ಇಲ್ಲಿ ನೋಡ್ರಿ,” ಎಂದು ಕೈ ತೋರಿಸಿದೆ.

ಕಾರ್ಯದರ್ಶಿ ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಏನ್ ನೋಡಬೇಕ್ರಿ?”

ನಾನೂ ಬಗ್ಗಿದೆ. ಕಂಬ ಬುಡದಿಂದ ತಲೆಯವರೆಗೆ ಒಂದೇ ಬೂದು. ಬಿಸಿಲು, ಗಾಳಿ, ಮಳೆ ತಿಂದು ಮೇಲಿನ ಹೊಳಪೂ ಇಳಿದಿತ್ತು, ಕೆಳಗಿನ ಕಪ್ಪು ಗೀರೂ ಕರಗಿತ್ತು. ಎರಡೂ ನಡುವೆ ಎಲ್ಲೋ ಒಂದೆಡೆ ಸೇರಿಹೋಗಿದ್ದವು. ಸತು ಹೀಗೆ ಮಾಡುತ್ತದೆ ಎಂದು ನಾನೇ ಎಷ್ಟು ಜನರಿಗೆ ಹೇಳಿಲ್ಲ! ಹಳೆಯದಾದಷ್ಟೂ ತನ್ನ ಮೈಮೇಲೆ ತಾನೇ ಒಂದು ಪದರ ಹೊದ್ದು ಸಮನಾಗುತ್ತದೆ, ಅದೇ ಅದರ ಚೆಲುವು ಎಂದು. ಹೇಳುವಾಗ ಈ ಕಂಬ ನನ್ನ ತಲೆಯಲ್ಲಿರಲಿಲ್ಲ. ಪಕ್ಕದ ಕಂಬಕ್ಕೆ ಹೋದೆ, ಅದರ ಪಕ್ಕದ್ದಕ್ಕೆ ಹೋದೆ. ಮೊಣಕಾಲೂರಿ ಬೆರಳಿನಿಂದ ಉಜ್ಜಿದೆ. ಎಲ್ಲೂ ಕಲೆಯಿಲ್ಲ, ಎಲ್ಲ ಕಂಬಗಳೂ ತಣ್ಣಗೆ, ನಯವಾಗಿ ನಿಂತಿದ್ದವು.

ಅಕ್ಕಾರು ಒಳಗಿನಿಂದ ಬಂದರು. ನಾನು ನೆಲದ ಮೇಲಿಂದಲೇ ಕೇಳಿದೆ: “ಅಕ್ಕಾರ, ಕಲಿ ಎಲ್ಲಿ ಹೋತ್ರಿ?”

“ಮಳಿಗಾಲದಾಗ ಹೋತಲ್ಲ ತಂಗಿ. ದಿನಾ ಇಷ್ಟಿಷ್ಟ ಕಡಿಮಿ ಆಗ್ತಿತ್ತು, ನಾ ನೋಡ್ತಿದ್ನಿ.” ನನ್ನ ತಲೆಯ ಮೇಲೆ ಕೈಯಿಟ್ಟರು. “ಹೇಳಿದ್ರ ನೀ ಬ್ಯಾಸರಾ ಮಾಡ್ಕೋತಿ ಅಂತ ಹೇಳಲಿಲ್ಲ.”

ಕಾರ್ಯದರ್ಶಿ ಪಡಸಾಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬಂದರು. ಮುಖ ಅರಳಿತ್ತು. “ಆಸಿಡ್ ಬಿದ್ದದ್ದು ಇದಕ್ಕೇನ್ರಿ? ಅಬ್ಬಾ! ಹಂಗಾದ್ರ ನಮಗ ಇದs ಬೇಕು. ನಾಳೆ ನಮ್ಮ ಹುಡುಗರು ಏನರೆ ಚೆಲ್ಲಿದ್ರೂ ಕಾಳಜಿ ಇಲ್ಲ.”

“ಹಂಗಲ್ರಿ,” ಎಂದೆ. ಅಷ್ಟು ಸಿಟ್ಟಿನಲ್ಲೂ ಸುಳ್ಳು ಹೇಳಲಾಗಲಿಲ್ಲ. “ಆಸಿಡ್ ಬಿದ್ರ ಸತು ಹೋಗs ಹೋಗತೈತಿ. ಅವತ್ತ ಈ ಹೆಣ್ಮಕ್ಕಳು ಕೂಡಲೇ ತೊಳದ್ರಂತ ಉಳದೈತಿ.”

“ಆತ್ರಿ, ಆಸಿಡ್ ತರಾಂಗಿಲ್ಲ. ಕಂಬ, ಸೂರು ಎಲ್ಲಾ ನೀವs ಮಾಡ್ರಿ.” ಬಯಸಿದ್ದ ಕೆಲಸ ಅಲ್ಲೇ, ನಿಂತ ನಿಲುವಿನಲ್ಲೇ ನನ್ನ ಕೈಗೆ ಬಂತು. ಕಾರ್ಯದರ್ಶಿ ಕೆಂಪು ಕಲ್ಲಿನ ಮೇಲೆ ಚಪ್ಪಲಿ ತೆಗೆದು ಕಾಲು ಆಡಿಸಿದರು. “ನೆಲಾನೂ ಛಲೋ ಕುಂತೈತಿ. ನೆಲದ ಕೆಲಸ ಆ ಸಾಹೇಬ್ರಿಗೆ ಕೊಡೂಣೇನ್ರಿ? ಪಾಪ, ಹಿರಿಯರು. ಅವರೂ ಕೇಳ್ಯಾರ.”

ನೆಲ ಖರೇನೇ ಚೆನ್ನಾಗಿ ಕುಳಿತಿತ್ತು. ಎಲ್ಲೂ ಒಂದು ಕಲ್ಲು ಅಲುಗಿರಲಿಲ್ಲ.

“ಕೊಡಬ್ಯಾಡ್ರಿ,” ಎಂದೆ.

“ಯಾಕ್ರಿ ಮೇಡಮ್ಮರ? ಕಲಿ ಹೋಗೈತಲ್ಲ?”

ಅಕ್ಕಾರು ನನ್ನನ್ನೇ ನೋಡುತ್ತಿದ್ದರು. ನಾನು ಮೊಣಕಾಲಿನ ಧೂಳು ಕೊಡವಿ ಎದ್ದು ನಿಂತೆ. ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

“ಕಂಬದ್ದು ಹೋಗೈತ್ರಿ,” ಎಂದೆ. “ಕೊಡಬ್ಯಾಡ್ರಿ.”